ಪಾತ್ರದ ಭಾಷೆ, ಪದವಿಯ ಭಾಷೆ: ಝೆಲೆನ್‌ಸ್ಕಿ ಕುರಿತು ಒಂದು ಟಿಪ್ಪಣಿ

ಯುಕ್ರೇನಿನ ವೊಲೊದಿಮಿರ್ ಝೆಲೆನ್‌ಸ್ಕಿ ಅವರ ಮಾತು ಬಂದಾಗಲೆಲ್ಲ, ಟಿವಿಯಲ್ಲಿ ಅಧ್ಯಕ್ಷನ ಪಾತ್ರ ಮಾಡಿದವರು ನಿಜವಾಗಿಯೂ ಅಧ್ಯಕ್ಷರಾದರು ಅಂತ ಒಂದೇ ಸಾಲಿನಲ್ಲಿ ಕತೆ ಮುಗಿದುಬಿಡುತ್ತದೆ. ಸಾಲು ಸುಳ್ಳಲ್ಲ. ಆದರೆ ಪಾತ್ರ ಯಾವ ಭಾಷೆಯಲ್ಲಿ ಮಾತಾಡಿತು, ಪದವಿ ಯಾವ ಭಾಷೆ ಕೇಳಿತು ಎಂಬ ಪ್ರಶ್ನೆ ಅದರಲ್ಲಿ ಬಿಟ್ಟುಹೋಗುತ್ತದೆ. ನಟ ನಾಯಕನಾದ ತಿರುವನ್ನು ಈ ಭಾಷಾಂತರದಲ್ಲೇ ಹುಡುಕಬೇಕು ಎಂಬುದು ನನ್ನ ವಾದ.

ಝೆಲೆನ್‌ಸ್ಕಿ 1978ರಲ್ಲಿ ಕ್ರಿವಿ ರಿಹ್ ಎಂಬ ಕೈಗಾರಿಕಾ ನಗರದಲ್ಲಿ, ರಷ್ಯನ್ ಮಾತಾಡುವ ಮನೆಯಲ್ಲಿ ಹುಟ್ಟಿದರು. 'ಕ್ವಾರ್ತಾಲ್ 95' ಎಂಬ ಹಾಸ್ಯ ತಂಡದಿಂದ ಹೆಸರಾದರು. 2015ರಲ್ಲಿ ಶುರುವಾದ 'ಜನಸೇವಕ' ಧಾರಾವಾಹಿಯಲ್ಲಿ ಅವರದು ಹೊಲೊಬೊರೊದ್ಕೊ ಎಂಬ ಇತಿಹಾಸದ ಮೇಷ್ಟ್ರ ಪಾತ್ರ. ಭ್ರಷ್ಟಾಚಾರವನ್ನು ಮೇಷ್ಟ್ರು ಬಾಯಿಗೆ ಬಂದಂತೆ ಬೈಯುವುದನ್ನು ವಿದ್ಯಾರ್ಥಿಯೊಬ್ಬ ಗುಟ್ಟಾಗಿ ಚಿತ್ರೀಕರಿಸುತ್ತಾನೆ. ವಿಡಿಯೊ ಊರೆಲ್ಲ ಹರಡಿ ಮೇಷ್ಟ್ರು ಅಧ್ಯಕ್ಷರಾಗುತ್ತಾರೆ. ಸಂಭಾಷಣೆ ಬಹುಪಾಲು ರಷ್ಯನ್ನಿನಲ್ಲಿದೆ. ಬೈಗುಳ ನಾಟುವುದು ಆಡುಮಾತಿನಲ್ಲೇ ಅಲ್ವಾ?

ಧಾರಾವಾಹಿಯ ಮಿತಿ ಇರುವುದೂ ಇಲ್ಲಿಯೇ. ಅದರ ಲೋಕದಲ್ಲಿ ಪ್ರಾಮಾಣಿಕರು, ಕಳ್ಳರು ಎಂಬ ಎರಡೇ ಪಂಗಡ. ಭಾಷೆ, ಪ್ರದೇಶ, ಚರಿತ್ರೆಯ ಗಾಯ ಇವೆಲ್ಲ ಒಳ್ಳೆಯ ಮನುಷ್ಯನೊಬ್ಬ ಬಂದರೆ ತಾವಾಗಿಯೇ ಸರಿಹೋಗುತ್ತವೆ ಎಂಬ ಭರವಸೆ. ಇನ್ನೊಂದು ವಿಪರ್ಯಾಸ ನೋಡಿ: ಧನಿಕ ದೊರೆಗಳನ್ನು ಗೇಲಿ ಮಾಡಿದ ಈ ಧಾರಾವಾಹಿ ಬಂದದ್ದು ಅಂಥದೇ ಧನಿಕ ಕೊಲೊಮೊಯ್‌ಸ್ಕಿಯ ವಾಹಿನಿಯಲ್ಲಿ.

2019ರ ಚುನಾವಣೆಯಲ್ಲಿ ಎದುರಾಳಿ ಪೊರೊಶೆಂಕೊ ಅವರ ಘೋಷಣೆ 'ಸೇನೆ, ಭಾಷೆ, ಧರ್ಮ'. ಧಾರಾವಾಹಿಯ ಹೆಸರನ್ನೇ ಪಕ್ಷಕ್ಕಿಟ್ಟುಕೊಂಡ ಝೆಲೆನ್‌ಸ್ಕಿ ಶೇ. 73ರಷ್ಟು ಮತ ಪಡೆದು ಗೆದ್ದರು. ಅವರು ಅಧಿಕಾರಕ್ಕೆ ಬರುವ ಐದು ದಿನ ಮೊದಲು, ಮೇ 15ರಂದು, ಯುಕ್ರೇನಿಯನ್ ಭಾಷೆಯನ್ನು ಬಲಪಡಿಸುವ ಕಾಯ್ದೆಗೆ ಪೊರೊಶೆಂಕೊ ಸಹಿ ಹಾಕಿದ್ದರು. ಮೇ 20ರ ಪ್ರಮಾಣವಚನ ಭಾಷಣ ಯುಕ್ರೇನಿಯನ್ನಿನಲ್ಲಿತ್ತು. ನಡುವೆ ಒಂದೆರಡು ಮಾತು ರಷ್ಯನ್ನಿಗೆ ಹೊರಳಿದ್ದೇ ತಡ, ಸಂಸದ ಲ್ಯಾಶ್ಕೊ ಕೂಗಿ ಆಕ್ಷೇಪಿಸಿದರು. ಜನರನ್ನು ಒಡೆಯುವುದನ್ನು ಮುಂದುವರಿಸಿದ್ದಕ್ಕೆ ಧನ್ಯವಾದ ಅಂತ ಝೆಲೆನ್‌ಸ್ಕಿ ಕುಟುಕಿದರು. ಧಾರಾವಾಹಿ ಬದಿಗಿಟ್ಟಿದ್ದ ಪ್ರಶ್ನೆ ಮೊದಲ ದಿನವೇ ಸಂಸತ್ತಿನಲ್ಲಿ ಎದ್ದು ನಿಂತಿತ್ತು.

2022ರ ಫೆಬ್ರವರಿ 24ರಂದು, ದಾಳಿಗೆ ಕೆಲವೇ ಗಂಟೆ ಮೊದಲು, ಅವರು ರಷ್ಯದ ನಾಗರಿಕರನ್ನು ಉದ್ದೇಶಿಸಿ ರಷ್ಯನ್ನಿನಲ್ಲೇ ಮಾತಾಡಿದರು. ಮರುದಿನ ಕೀವ್ ಬೀದಿಯಲ್ಲಿ ನಿಂತು, ನಾವೆಲ್ಲ ಇಲ್ಲೇ ಇದ್ದೇವೆ ಎಂದದ್ದು ಯುಕ್ರೇನಿಯನ್ನಿನಲ್ಲಿ. ಹಾಸ್ಯಗಾರನ ಮನೆಮಾತು ಎದುರಾಳಿ ದೇಶದ ಜನರಿಗೆ ಮನವಿ ಮಾಡುವ ಭಾಷೆಯಾಯಿತು. ಕಲಿತು ಪಳಗಿಸಿಕೊಂಡದ್ದು ತನ್ನವರಿಗೆ ಧೈರ್ಯ ಹೇಳುವ ಭಾಷೆಯಾಯಿತು.

ಮನೆಯಲ್ಲಿ ತುಳುವೋ ಕನ್ನಡವೋ, ಕಚೇರಿಯಲ್ಲಿ ಮಲಯಾಳ ಎಂದು ಬದುಕುವ ಕಾಸರಗೋಡಿನವರಿಗೆ ಇದು ನಮ್ಮದೇ ಕತೆ ಅನ್ನಿಸಬಹುದು. ಹಾಗೆ ಸಮೀಕರಿಸಿದರೆ ತಪ್ಪಾಗುತ್ತದೆ. ಅಲ್ಲಿ ರಷ್ಯನ್ ಹಳೆಯ ಸಾಮ್ರಾಜ್ಯದ ಭಾಷೆ. ಇಲ್ಲಿ ಕನ್ನಡ ಅಲ್ಪಸಂಖ್ಯಾತರ ಭಾಷೆ. ಆದರೂ ಒಂದು ಮಾತು ನಮಗೆ ತಟ್ಟಬೇಕು. ಮನೆಮಾತು ಒಂದು, ನಿಷ್ಠೆ ಇನ್ನೊಂದು ಎಂದು ಯಾರನ್ನಾದರೂ ಶಂಕಿಸುವ ಮೊದಲು, ಅವರು ಯಾವ ಭಾಷೆಯಲ್ಲಿ ಯಾರಿಗೆ, ಯಾವ ಹೊತ್ತಿನಲ್ಲಿ ಏನು ಹೇಳುತ್ತಿದ್ದಾರೆ ಎಂದು ಕೇಳಬೇಕು. ಝೆಲೆನ್‌ಸ್ಕಿ ಅವರನ್ನು ಬರೀ ನಟ ಎಂದು ಓದಿದರೆ ಈ ಪ್ರಶ್ನೆ ಕೈತಪ್ಪುತ್ತದೆ.