ಸಿಮ್ ಯಾರ ಹೆಸರಲ್ಲಿದೆ?

ಸುಪ್ರೀಂ ಕೋರ್ಟಿನ ತೀರ್ಪು ದಿಲ್ಲಿಯಿಂದ ಚಳ್ಳಕೆರೆಯ ಕೋರ್ಟ್ ಆವರಣಕ್ಕೆ ಬರುವಷ್ಟರಲ್ಲಿ ಒಂದೇ ಸಾಲಾಗಿಬಿಡುತ್ತದೆ. 2025ರ ಜುಲೈ 14ರ ತೀರ್ಪಿನ ಗತಿಯೂ ಅದೇ: ‘ಹೆಂಡತಿ ಫೋನಲ್ಲಿ ಸಿಕ್ಕಿದ್ದೆಲ್ಲ ಸಾಕ್ಷಿಗೆ ಬರುತ್ತೆ.’ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ಸತೀಶ್ ಚಂದ್ರ ಶರ್ಮಾ ಅವರ ಪೀಠ ಹೇಳಿದ್ದು ಅದಲ್ಲ. ಬಠಿಂಡಾದ ವಿಚ್ಛೇದನದ ಮೊಕದ್ದಮೆಯೊಂದರಲ್ಲಿ ಗಂಡ, ಹೆಂಡತಿಯ ಜೊತೆ ತಾನೇ ಆಡಿದ ಮಾತುಗಳನ್ನು ಆಕೆಗೆ ಗೊತ್ತಾಗದಂತೆ ರೆಕಾರ್ಡ್ ಮಾಡಿಟ್ಟಿದ್ದ. ಅದನ್ನು ಸಾಕ್ಷ್ಯವಾಗಿ ಒಪ್ಪಬಾರದೆಂದು ಪಂಜಾಬ್-ಹರಿಯಾಣ ಹೈಕೋರ್ಟ್ 2021ರಲ್ಲಿ ಕೊಟ್ಟ ಆದೇಶವನ್ನು ಪೀಠ ರದ್ದು ಮಾಡಿತು, ಅಷ್ಟೇ. ಆದರೂ ಆ ಒಂದು ಸಾಲಿನ ವದಂತಿಗೆ ಆಸರೆ ತೀರ್ಪಿನ ಒಳಗೇ ಇದೆ.

ಎರಡು ಕಡೆ. ಒಂದು, ರೆಕಾರ್ಡ್ ಮಾಡುವ ಫೋನನ್ನು ಮರೆಯಲ್ಲಿ ನಿಂತು ಕದ್ದು ಕೇಳಿದವನಿಗೆ ಸಮ ಮಾಡಿದ್ದು. ಇನ್ನೊಂದು, ತೀರ್ಪಿಗೆ ಹೆಸರು ತಂದುಕೊಟ್ಟ ಭಾಗ. ಇಂಥ ಸಾಕ್ಷ್ಯ ಒಪ್ಪಿದರೆ ಮನೆಮನೆಯಲ್ಲೂ ಬೇಹುಗಾರಿಕೆ ಶುರುವಾದೀತು ಎಂಬ ವಾದಕ್ಕೆ ಪೀಠದ ಉತ್ತರವಿದು: ದಂಪತಿ ಒಬ್ಬರ ಮೇಲೊಬ್ಬರು ಕಣ್ಣಿಡುವ ಹಂತಕ್ಕೆ ಬಂದಿದ್ದರೆ ಸಂಬಂಧ ಆಗಲೇ ಮುರಿದಿದೆ, ಕಣ್ಣಿಡುವುದು ಅದರ ಲಕ್ಷಣ.

ಓದಲು ಸೊಗಸಾಗಿದೆ. ಕಾಲಕ್ರಮ ಮಾತ್ರ ತಲೆಕೆಳಗು. ನಂಬಿಕೆ ಹೋದ ಮೇಲೆ ಕಣ್ಣಿಡುವುದು ಶುರುವಾಗುತ್ತದೆಂದು ಪೀಠ ಹಿಡಿದುಕೊಂಡಿದೆ. ನಮ್ಮ ಕಡೆ ಅದರ ಏರ್ಪಾಡೆಲ್ಲ ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲೇ ಮುಗಿದಿರುತ್ತದೆ.

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಒಂದು ಮನೆಯನ್ನು ಊಹಿಸಿಕೊಳ್ಳಿ. ಸಿಮ್ ಗಂಡನ ಆಧಾರ್ ಮೇಲೆ. ಜಿಮೇಲ್ ಮಾಡಿಕೊಟ್ಟವನು ಮೊಬೈಲ್ ಅಂಗಡಿಯ ಹುಡುಗ. ಪಾಸ್‌ವರ್ಡ್ ಮಗಳ ಹೆಸರು, ಮುಂದೆ 123. ರಿಕವರಿ ನಂಬರೂ ಗಂಡನದೇ. ಸಾಹುಕಾರರಿಗೆ ಸೀರೆ ಫೋಟೊ ಕಳಿಸಲು ಅನುಕೂಲವಾಗಲಿ ಎಂದು ಆಕೆಯ ವಾಟ್ಸಾಪನ್ನು ಆತನ ಫೋನಿಗೂ ಕ್ಯೂಆರ್ ಸ್ಕ್ಯಾನ್ ಮಾಡಿ ಜೋಡಿಸಿದ್ದು ಇಬ್ಬರೂ ಜೊತೆಗೆ ಕೂತೇ. ಇದರಲ್ಲಿ ಬೇಹುಗಾರಿಕೆ ಎಲ್ಲಿದೆ?

ಒಂದು ದಿನ ಆಕೆ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗುತ್ತಾಳೆ, ರಾಯದುರ್ಗಕ್ಕೋ ನಾಯಕನಹಟ್ಟಿಗೋ. ಫೋನು ಅವಳ ಕೈಯಲ್ಲೇ ಇದೆ. ಆದರೆ ಅಕ್ಕನಿಗೆ ಹಾಕಿದ ಮೆಸೇಜು, ವಕೀಲರಿಗೆ ಕಳಿಸಿದ ಕಾಗದ ಎಲ್ಲವೂ ಜೋಡಿಸಿದ ಆ ಫೋನಿಗೆ ಬಂದು ಬೀಳುತ್ತಲೇ ಇರುತ್ತವೆ. ಯಾರೋ ಹೇಳಿಕೊಟ್ಟು ಆಕೆ ಲಿಂಕ್ಡ್ ಡಿವೈಸ್ ತೆಗೆದು, ಪಾಸ್‌ವರ್ಡ್ ಬದಲಿಸಿದಳು ಎನ್ನಿ. ನಂಬರು ಆತನ ಹೆಸರಲ್ಲಿದೆಯಲ್ಲ! ಸಿಮ್ ಕಳೆದುಹೋಗಿದೆ ಎಂದು ಅಂಗಡಿಯಲ್ಲಿ ಹೇಳಿದರೆ ಆತನಿಗೆ ಡೂಪ್ಲಿಕೇಟ್ ಸಿಗುತ್ತದೆ, ಆಕೆಯ ಸಿಮ್ ಸತ್ತುಹೋಗುತ್ತದೆ. ಒಂದು ದಿನ ಕಳೆದರೆ ಒಟಿಪಿಗಳೆಲ್ಲ ಆತನ ಕೈಗೆ, ಗೃಹಲಕ್ಷ್ಮಿಯ ಎರಡು ಸಾವಿರ ಬೀಳುವ ಬ್ಯಾಂಕ್ ಖಾತೆಯದೂ ಸೇರಿ.

ಕದ್ದು ಕೇಳಿದವನು ಕೇಳಿದಷ್ಟನ್ನು ಹೊತ್ತು ಹೋಗುತ್ತಾನೆ. ಖಾತೆಯ ಒಳಗೆ ಕೂತವನು ಹಿಂದಿನದನ್ನು ಓದಬಲ್ಲ, ಬೇಡದ್ದನ್ನು ಅಳಿಸಬಲ್ಲ, ಆಕೆಯ ಹೆಸರಲ್ಲಿ ಉತ್ತರವನ್ನೂ ಬರೆಯಬಲ್ಲ. ಪೀಠ ಇಟ್ಟ ಪರೀಕ್ಷೆ ಮೂರು: ಪ್ರಕರಣಕ್ಕೆ ಸಂಬಂಧಪಟ್ಟದ್ದೇ, ಯಾರದೆಂದು ಗುರುತಾಗುತ್ತದೆಯೇ, ತಿದ್ದಿಲ್ಲ ತಾನೆ. ಆಕೆಯ ನಂಬರಿನಿಂದ ಆತ ಹಾಕಿದ ಮೆಸೇಜು ಮೂರರಲ್ಲೂ ಪಾಸು. ಹೋದದ್ದು ಆಕೆಯ ನಂಬರಿನಿಂದ. ತಿದ್ದಿದ ಗುರುತೂ ಇಲ್ಲ.

ಬಾಗಿಲು ಹಾಕಿದ ಮನೆಯಲ್ಲಿ ಪೆಟ್ಟು ತಿಂದವಳಿಗೆ ರೆಕಾರ್ಡಿಂಗ್ ಬಿಟ್ಟರೆ ಬೇರೆ ಸಾಕ್ಷಿ ಸಿಗುವುದಿಲ್ಲ ಎನ್ನುತ್ತಾರೆ. ಒಪ್ಪಿದೆ. ಆದರೆ ತಾನಿದ್ದ ಮಾತುಕತೆಯನ್ನು ಹಿಡಿದಿಡುವುದು ಬೇರೆ, ಇನ್ನೊಬ್ಬರ ಖಾತೆಗೆ ನುಗ್ಗುವುದು ಬೇರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಪ್ರಕಾರ ಪರರ ಪಾಸ್‌ವರ್ಡನ್ನು ವಂಚನೆಯಿಂದ ಬಳಸಿದರೆ 3 ವರ್ಷದವರೆಗೆ ಜೈಲು. ಹೆಣ್ಣೊಬ್ಬಳ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಬರುತ್ತದೆ. ಈ ಗೆರೆಯನ್ನು ತೀರ್ಪು ದಪ್ಪಗೆ ಎಳೆದಿದ್ದರೆ ವದಂತಿಗೆ ಕಾಲು ಬರುತ್ತಿರಲಿಲ್ಲ.

ತೀರ್ಪನ್ನು ಟೀಕಿಸಿದವರ ಜೊತೆಗೂ ನನ್ನದು ಜಗಳವೇ. ಇಂಗ್ಲಿಷಿನಲ್ಲಿ ಬರೆಯುವವರು, ಖಾಸಗಿತನ ಮೂಲಭೂತ ಹಕ್ಕೆಂದ 2017ರ ಪುಟ್ಟಸ್ವಾಮಿ ತೀರ್ಪನ್ನು ಜಪದಂತೆ ಹೇಳುತ್ತಾರೆ. ಅವರ ಕಣ್ಣ ಮುಂದಿರುವ ದಂಪತಿಗೆ ತಲಾ ಒಂದು ಕೋಣೆ, ತಲಾ ಒಂದು ಫೋನು, ಬಿಲ್ಲೂ ಅವರವರದೇ. ಗುಂಡಿ ಮಗ್ಗವೇ ನಡುಮನೆಯನ್ನು ನುಂಗಿ ಅತ್ತೆ, ಮೈದುನ, ಮಕ್ಕಳೆಲ್ಲ ಉಳಿದ ಜಾಗದಲ್ಲಿ ಮಲಗುವ ಮನೆಗೆ ಆ ವಾದ ಹೊಂದುವುದಿಲ್ಲ. ಅಲ್ಲಿ ಕೇಳಬೇಕಾದ್ದು ನಂಬರು ಯಾರ ಸ್ವತ್ತು ಎಂದು. ಕನ್ನಡದ ಅಂಕಣಗಳು, ಟಿವಿ ಚರ್ಚೆಗಳು ಇದಕ್ಕೂ ಅತ್ತ: ಗಂಡಹೆಂಡತಿ ನಡುವೆ ಮುಚ್ಚುಮರೆ ಯಾಕೆ ಎಂಬ ಉಪದೇಶ. ಸ್ವಾಮಿ, ಗಂಡನ ಫೋನಿನ ಪ್ಯಾಟರ್ನ್ ಹೆಂಡತಿಗೆ ಗೊತ್ತಿರುವ ಮನೆ ನಿಮ್ಮ ಬೀದಿಯಲ್ಲಿ ಎಷ್ಟಿವೆ?

ಇವರಾರೂ ತಿರುಗಿ ನೋಡದ ಎರಡು ತೀರ್ಪು ನಮ್ಮ ಹೈಕೋರ್ಟಿನಲ್ಲೇ ಇವೆ. 2022ರಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ, ಹೆಂಡತಿಯ ಮೇಲಿನ ಸಂಶಯ ರುಜುವಾತು ಮಾಡಲು ಮೂರನೆಯವನೊಬ್ಬನ ಮೊಬೈಲ್ ಟವರ್ ವಿವರ ತರಿಸಲಾಗದು ಎಂದರು. ಮರುವರ್ಷ ಧಾರವಾಡದ ವಿಭಾಗೀಯ ಪೀಠ, ಗಂಡನ ಆಧಾರ್ ವಿವರ ಕೇಳಿದ ಹೆಂಡತಿಯ ಪ್ರಕರಣದಲ್ಲಿ, ಮದುವೆಯಾದ ಮಾತ್ರಕ್ಕೆ ಖಾಸಗಿತನದ ಹಕ್ಕು ಮಸುಕಾಗುವುದಿಲ್ಲ ಎಂದಿತು. ದೊಡ್ಡ ಮಾತಿಲ್ಲ, ಅಲಂಕಾರವಿಲ್ಲ. ವಿವರ ಯಾರದು, ಯಾರ ಕೈಗೆ ಹೋಗುತ್ತಿದೆ ಎಂಬುದರ ಮೇಲೇ ಎರಡೂ ನಿಂತಿವೆ.

ಅದೇ ಪ್ರಶ್ನೆಯನ್ನು ತಾಲ್ಲೂಕು ಕೋರ್ಟೂ ಇವತ್ತೇ ಕೇಳಬಹುದು, ದಿಲ್ಲಿಗೆ ಕಾಯಬೇಕಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನಂತೆ ಡಿಜಿಟಲ್ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು. ಸಾಧನ ನಿಮ್ಮ ಒಡೆತನದ್ದೋ, ನೀವು ನೋಡಿಕೊಳ್ಳುವುದೋ, ನಿರ್ವಹಿಸುವುದೋ, ನಡೆಸುವುದೋ ಎಂದು ಅದರಲ್ಲಿ ಗುರುತು ಹಾಕಬೇಕು. ಅದು ಕಾನೂನುಬದ್ಧವಾಗಿ ತಮ್ಮ ಹತೋಟಿಯಲ್ಲಿತ್ತು ಎಂದೂ ಹೇಳಬೇಕು. ಸಿಮ್ ತನ್ನ ಹೆಸರಲ್ಲಿದೆ ಎಂದು ಗಂಡ ಒಡೆತನದ ಮುಂದೆ ಗುರುತು ಹಾಕಿ ಕೈತೊಳೆದುಕೊಳ್ಳುತ್ತಾನೆ. ಪಾಟೀಸವಾಲು ಅಲ್ಲಿಂದ ಶುರುವಾಗಬೇಕು: ಆ ನಂಬರಿನಿಂದ ದಿನವೂ ಮಾತಾಡುತ್ತಿದ್ದವರು ಯಾರು, ಆಕೆ ಮನೆ ಬಿಟ್ಟ ಮೇಲೆ ನಿನ್ನ ಫೋನಿನಲ್ಲಿ ಅದು ಯಾಕೆ ತೆರೆದಿತ್ತು?