ಮೈಲಾರದ ಕಾರ್ಣಿಕ: ಒಂದು ವಾಕ್ಯದ ವಿಮರ್ಶೆ

ನಮ್ಮ ಜಾನಪದ ಸಾಹಿತ್ಯದ ವಿವೇಚನೆ ಬಹುಮಟ್ಟಿಗೆ ದೀರ್ಘ ಕಾವ್ಯಗಳನ್ನೂ ತ್ರಿಪದಿಗಳನ್ನೂ ಗಾದೆಗಳನ್ನೂ ಆಶ್ರಯಿಸಿ ನಡೆದುಬಂದಿದೆ. ವರ್ಷಕ್ಕೊಮ್ಮೆ ಹುಟ್ಟಿ ಒಂದೇ ವಾಕ್ಯದಲ್ಲಿ ಮುಗಿಯುವ ಮೈಲಾರಲಿಂಗನ ಕಾರ್ಣಿಕಕ್ಕೆ ಅದರಲ್ಲಿ ತಕ್ಕ ಸ್ಥಾನ ದೊರೆತಿಲ್ಲ. ಕೆಲವರು ಅದನ್ನು ದೈವವಾಣಿಯೆಂದು ಶಿರಸಾವಹಿಸುತ್ತಾರೆ; ಕೆಲವರು ಮೌಢ್ಯವೆಂದು ತಳ್ಳಿಹಾಕುತ್ತಾರೆ. ಈ ಎರಡು ಪಕ್ಷದವರೂ ಆ ಮಾತನ್ನು ಮಾತಾಗಿ ಪರಿಶೀಲಿಸುವುದಿಲ್ಲವೆಂಬುದೇ ನಮ್ಮ ಆಕ್ಷೇಪಣೆ.

ಮೈಲಾರವು ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ಸಮೀಪದಲ್ಲಿದೆ. ಮಣಿ ಮತ್ತು ಮಲ್ಲ ಎಂಬ ಅಸುರರನ್ನು ಸಂಹರಿಸಿದ ಶಿವನೇ ಮೈಲಾರನೆಂದು ಪುರಾಣ ಹೇಳುತ್ತದೆ. ಮಹಾರಾಷ್ಟ್ರದಲ್ಲಿ ಖಂಡೋಬನೆಂದು ಪೂಜೆಗೊಳ್ಳುವವನೂ ಈತನೇ. ಭರತ ಹುಣ್ಣಿಮೆಯ ಜಾತ್ರೆಗೆ ರೈತರೂ ಕುರುಬರೂ ಬಂಡಾರ ಹಚ್ಚಿಕೊಂಡು ಬಂದು ನೆರೆಯುತ್ತಾರೆ. ಅನೇಕ ದಿನ ಉಪವಾಸದಲ್ಲಿದ್ದ ಗೊರವಪ್ಪನು ಎತ್ತರವಾದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಲಕ್ಷಾಂತರ ಜನರ ಗದ್ದಲ ಅಡಗುತ್ತದೆ. ಆ ಮೌನದಲ್ಲಿ ಒಂದು ವಾಕ್ಯವನ್ನು ನುಡಿದು ಆತನು ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ.

ಈ ವಾಕ್ಯದ ರಚನೆಯಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದು, ಸಂಬೋಧನೆ. ಅದರ ಕೊನೆಯಲ್ಲಿ ಸಾಮಾನ್ಯವಾಗಿ ‘ಲೇ’ ಎಂಬ ಸಲಿಗೆಯ ಕರೆಯೂ ‘ಪರಾಕ್’ ಎಂಬ ಅರಮನೆಯ ಘೋಷವೂ ಜೊತೆಯಾಗಿ ಬರುತ್ತವೆ. ಹೊಲದ ಬದುವಿನಲ್ಲಿ ಕೂಗುವ ದನಿಯೂ ಒಡ್ಡೋಲಗದ ಹೊಗಳುಭಟನ ದನಿಯೂ ಒಂದೇ ಉಸಿರಿನಲ್ಲಿ ಕೂಡುವುದು ನಮ್ಮ ಶಿಷ್ಟಸಾಹಿತ್ಯದಲ್ಲಿ ಅಪರೂಪ. ಎರಡನೆಯದು, ಕಾಲ. ಮುಂದಾಗುವುದನ್ನು ತಿಳಿಸುವುದೆಂದು ನಂಬಲಾದ ಈ ನುಡಿಯ ಕ್ರಿಯಾಪದವು ಅನೇಕ ವೇಳೆ ಭೂತಕಾಲದ್ದು. ಇದನ್ನು ವ್ಯಾಕರಣದೋಷವೆನ್ನಲಾಗದು. ಇನ್ನೂ ಮನೆಯೊಳಗೇ ಇರುವವನು ‘ಇಗೋ ಬಂದೆ’ ಎನ್ನುವುದಿಲ್ಲವೆ? ಆಗಲಿರುವುದನ್ನು ಆದುದೆಂಬಂತೆ ಹೇಳುವುದು ನಿಶ್ಚಯವನ್ನು ಸೂಚಿಸುವ ಕನ್ನಡದ ಕ್ರಮ. ಆದರೆ ಇಲ್ಲಿ ನಿಶ್ಚಯವಿರುವುದು ಕ್ರಿಯೆಯಲ್ಲಿ ಮಾತ್ರ; ಅದು ಯಾರಿಗೆ, ಎಲ್ಲಿ, ಹೇಗೆ ಎಂಬುದನ್ನು ವಾಕ್ಯವು ಬಿಚ್ಚಿಡುವುದಿಲ್ಲ.

ಆ ಬಿಟ್ಟ ಸ್ಥಳವನ್ನು ತುಂಬುವವರು ಕೇಳುಗರು. ಒಣಭೂಮಿಯ ರೈತನು ಅದರಲ್ಲಿ ಮಳೆಬೆಳೆಗಳನ್ನು ಕಾಣುತ್ತಾನೆ. ವ್ಯಾಪಾರಿಯು ಧಾರಣೆಯನ್ನು, ಪೇಟೆಯವನು ರಾಜಕೀಯವನ್ನು ಕಾಣುತ್ತಾನೆ. ಹೀಗೆ ಯಾವ ಅರ್ಥಕ್ಕೂ ಒಗ್ಗುವ ಮಾತು ಎಂದಿಗೂ ಸುಳ್ಳಾಗದು, ಆದುದರಿಂದ ಅದಕ್ಕೆ ಬೆಲೆಯಿಲ್ಲ ಎಂದು ವಿಚಾರವಾದಿಗಳು ಹೇಳಬಹುದು. ಭವಿಷ್ಯಜ್ಞಾನವೆಂದು ತೂಗುವುದಾದರೆ ಈ ವಾದವನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಆದರೆ ಕಾರ್ಣಿಕದ ಸತ್ತ್ವವಿರುವುದು ಫಲದಲ್ಲಲ್ಲ. ಅಕ್ಷರಸ್ಥನೂ ನಿರಕ್ಷರಿಯೂ ಒಂದೇ ವಾಕ್ಯದ ಮುಂದೆ ಸಮಾನರಾಗಿ ನಿಂತು, ಮುಂದಿನ ವರ್ಷದ ತಮ್ಮ ಆಸೆ ಭಯಗಳನ್ನು ಬಾಯಿಬಿಟ್ಟು ಚರ್ಚಿಸುವಂತೆ ಅದು ಮಾಡುತ್ತದೆ.

ಆದುದರಿಂದಲೇ ಈಚಿನ ಒಂದು ಪ್ರವೃತ್ತಿ ನಮಗೆ ಚಿಂತೆಯನ್ನುಂಟುಮಾಡುತ್ತದೆ. ಗೊರವಪ್ಪನು ನೆಲ ಮುಟ್ಟುವಷ್ಟರಲ್ಲಿ ಆ ನುಡಿಗೆ ಇಂಥ ಪಕ್ಷ, ಇಂಥ ನಾಯಕ ಎಂಬ ಒಂದೇ ಅರ್ಥವನ್ನು ಕಟ್ಟಿ ಪ್ರಚಾರ ಮಾಡಲಾಗುತ್ತಿದೆ. ಇದರಿಂದ ನಷ್ಟವಾಗುವುದು ದೇವರ ಮಹಿಮೆಯಲ್ಲ. ಅರ್ಥ ಹೇಳುವ ಜನರ ಹಕ್ಕು. ಸಂಗ್ರಾಹಕರೂ ಈ ದೋಷಕ್ಕೆ ಹೊರತಲ್ಲ. ವಾಕ್ಯವನ್ನು ಮಾತ್ರ ಬರೆದುಕೊಂಡು, ಅದನ್ನು ಕೇಳಿ ಊರಿಗೆ ಮರಳುವವರು ಗಾಡಿಯಲ್ಲಿ ಆಡಿಕೊಂಡ ಮಾತನ್ನು ಬಿಟ್ಟರೆ, ಕೈಗೆ ಬರುವುದು ಸಿಪ್ಪೆ ಮಾತ್ರ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಹಾನವಮಿಗೆ ನುಡಿಯುವ ಕಾರ್ಣಿಕಕ್ಕೂ ಈ ಮಾತು ಅನ್ವಯಿಸುತ್ತದೆ. ಕಾರ್ಣಿಕವನ್ನು ಬರೆದುಕೊಳ್ಳುವವರು ಅದರ ಹಲವು ಅರ್ಥಗಳನ್ನೂ, ಹೇಳಿದವರ ಊರು ಕಸುಬುಗಳೊಡನೆ ಬರೆದುಕೊಳ್ಳಲಿ. ಆಗ ಈ ಒಂದು ವಾಕ್ಯವು ಒಂದು ನಾಡಿನ ಆ ವರ್ಷದ ಮನಸ್ಸಿನ ದಾಖಲೆಯಾಗುತ್ತದೆ.