‘ರ‍್ಯಾಪರ್ಸ್ ಡಿಲೈಟ್’: ಒಂದು ಧ್ವನಿಮುದ್ರಿಕೆಯ ಕರ್ತೃತ್ವವಿಚಾರ

ಷುಗರ್‌ಹಿಲ್ ಗ್ಯಾಂಗ್ ಎಂಬ ತಂಡದ ‘ರ‍್ಯಾಪರ್ಸ್ ಡಿಲೈಟ್’ ಧ್ವನಿಮುದ್ರಿಕೆ 1979ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ತಾಳಕ್ಕೆ ಹೊಂದಿಸಿ ಪ್ರಾಸಬದ್ಧವಾಗಿ ಮಾತನಾಡುವ ರ‍್ಯಾಪ್ ಕಲೆ ಲೋಕದ ಕಿವಿಗೆ ಬಿದ್ದದ್ದು ಇದರಿಂದಲೇ. ಇದನ್ನು ಆ ಕಲೆಯ ಆದಿಕೃತಿಯೆಂದು ಬರೆಯುವವರುಂಟು, ಅದು ಸಲ್ಲದು. ನ್ಯೂಯಾರ್ಕಿನ ಬ್ರಾಂಕ್ಸ್ ಕೇರಿಗಳಲ್ಲಿ ಈ ನುಡಿಗಾರಿಕೆ ಮೊದಲೇ ಬೆಳೆದಿತ್ತು. ಫ್ಯಾಟ್‌ಬ್ಯಾಕ್ ತಂಡದ ಮುದ್ರಿಕೆಯೊಂದು ಅದೇ ವರ್ಷ ಇದಕ್ಕೆ ಮುಂಚೆಯೇ ಬಂದಿತ್ತು. ಆದರೆ ಕಾಲನಿರ್ಣಯಕ್ಕಿಂತ ಜಟಿಲವಾದದ್ದು ಕರ್ತೃತ್ವದ ಪ್ರಶ್ನೆ. ಹೊಳೆನರಸೀಪುರ, ಅರಕಲಗೂಡುಗಳ ವಿದ್ಯಾರ್ಥಿಗಳೂ ಕನ್ನಡ ರ‍್ಯಾಪ್ ಕೇಳುವ ಈ ದಿನಗಳಲ್ಲಿ ಅದನ್ನು ಎತ್ತಿಕೊಳ್ಳುವುದು ಅಪ್ರಸ್ತುತವಾಗದು.

ಹಾಸನ ಜಿಲ್ಲೆಯ ಇತಿಹಾಸವನ್ನು ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ಚನ್ನರಾಯಪಟ್ಟಣ ತಾಲ್ಲೂಕೊಂದರಲ್ಲಿಯೇ ಎರಡು ಮಾದರಿಗಳಿವೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯ ಶಾಸನ ಚಾವುಂಡರಾಯನು ‘ಮಾಡಿಸಿದಂ’ ಎನ್ನುತ್ತದೆ. ಮಾಡಿದ ಶಿಲ್ಪಿಯ ಹೆಸರು ಅಲ್ಲಿಲ್ಲ. 1246ರ ನುಗ್ಗೇಹಳ್ಳಿಯ ದೇವಾಲಯದಲ್ಲಾದರೋ ಬೈಚೋಜ, ಮಲ್ಲಿತಮ್ಮರು ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಕೊರೆದಿದ್ದಾರೆ.

ಪ್ರಕೃತ ಮುದ್ರಿಕೆಯನ್ನು ಮಾಡಿಸಿದವರು ಷುಗರ್ ಹಿಲ್ ಸಂಸ್ಥೆಯ ಸಿಲ್ವಿಯಾ ರಾಬಿನ್‌ಸನ್. ವಂಡರ್ ಮೈಕ್, ಬಿಗ್ ಬ್ಯಾಂಕ್ ಹ್ಯಾಂಕ್, ಮಾಸ್ಟರ್ ಜೀ ಎಂಬ ಮೂವರನ್ನು ಕೂಡಿಸಿ ತಂಡ ಕಟ್ಟಿದವರೂ ಅವರೇ. ವಾದ್ಯಭಾಗ ಷಿಕ್ ತಂಡದ ‘ಗುಡ್ ಟೈಮ್ಸ್’ ಹಾಡಿನದು; ಅದನ್ನು ವಾದ್ಯಗಾರರಿಂದ ಮತ್ತೆ ನುಡಿಸಲಾಯಿತು. ಇನ್ನು ಹ್ಯಾಂಕ್ ನುಡಿದ ಸಾಹಿತ್ಯ ಬಹುಮಟ್ಟಿಗೆ ಬ್ರಾಂಕ್ಸಿನ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಅವರ ಕೈಬರಹದ ಪುಸ್ತಕದಿಂದ ಬಂದದ್ದು. ಕ್ಯಾಜ್ ಅವರ ಕಾರ್ಯಕ್ರಮಗಳ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದವರು ಹ್ಯಾಂಕ್.

ಇದಕ್ಕೆ ಕೃತಿಯೊಳಗೇ ಪ್ರಮಾಣವಿದೆ. ಕ್ಯಾಜ್ ಅವರ ಹಿಂದಿನ ಹೆಸರು ಕ್ಯಾಸನೋವಾ ಫ್ಲೈ. ಮುದ್ರಿಕೆಯಲ್ಲಿ ಹ್ಯಾಂಕ್ ಆ ಹೆಸರನ್ನೇ ಅಕ್ಷರ ಬಿಡಿಸಿ, ತಮ್ಮದೆಂಬಂತೆ ಹೇಳುತ್ತಾರೆ! ವಚನ, ಕೀರ್ತನೆಗಳಲ್ಲಿ ಕರ್ತೃವನ್ನು ನಾವು ಗುರುತಿಸುವುದು ಅಂಕಿತದಿಂದ. ಅಂಕಿತವನ್ನು ಬದಲಿಸಿ ಪರಕೃತಿಯನ್ನು ತನ್ನದಾಗಿಸಿಕೊಳ್ಳುವುದು ಊಹೆಗೆ ನಿಲುಕುವ ಕೆಲಸ. ಪರರ ಅಂಕಿತವನ್ನು ಹಾಗೆಯೇ ಉಳಿಸಿಕೊಂಡದ್ದು ವಿಚಿತ್ರ. ಇತಿಹಾಸಕಾರನಿಗಂತೂ ಅದು ಉಪಕಾರವೇ ಆಯಿತು.

ಗುಣದ ದೃಷ್ಟಿಯಿಂದ ನೋಡಿದರೆ, ಹದಿನಾಲ್ಕು ನಿಮಿಷಕ್ಕೂ ಮಿಕ್ಕಿದ ದೀರ್ಘ ಪಾಠವೇ ಕೇಳತಕ್ಕದ್ದು. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಮಾತು ದಾಟುವ ಸಲೀಸು ಅದರಲ್ಲಿ ಮಾತ್ರ ಪೂರ್ಣವಾಗಿ ಕಾಣುತ್ತದೆ. ಸ್ನೇಹಿತನ ಮನೆಯ ಕೆಟ್ಟ ಊಟವನ್ನು ಮೈಕ್ ಬಣ್ಣಿಸುವ ಪ್ರಸಂಗ ಅಪ್ಪಟ ಹಾಸ್ಯ. ಆದರೆ ಬಡಾಯಿಯ ಬೆಡಗಿನಲ್ಲಿ ಹ್ಯಾಂಕ್ ಅವರ ಭಾಗವೇ ಮೇಲೆಂದು ನಮ್ಮ ಅಭಿಪ್ರಾಯ. ಆ ಮೆಚ್ಚುಗೆ ಕ್ಯಾಜ್ ಅವರಿಗೆ ಸಲ್ಲಬೇಕು.

ಮುದ್ರಿಕೆ 1980ರ ಜನವರಿಯಲ್ಲಿ ಬಿಲ್‌ಬೋರ್ಡ್ ಪಟ್ಟಿಯ 36ನೆಯ ಸ್ಥಾನಕ್ಕೇರಿತು. ಷಿಕ್ ತಂಡದ ನೈಲ್ ರಾಜರ್ಸ್, ಬರ್ನಾರ್ಡ್ ಎಡ್ವರ್ಡ್ಸ್ ಕಾನೂನಿನ ಬೆದರಿಕೆಯೊಡ್ಡಿ ರಚಕರ ಸಾಲಿನಲ್ಲಿ ತಮ್ಮ ಹೆಸರು ಸೇರಿಸಿಕೊಂಡರು. ಅವರ ಕೈಯಲ್ಲಿ ಅಚ್ಚಾದ ಮುದ್ರಿಕೆಯಿತ್ತು. ಕ್ಯಾಜ್ ಅವರದು ಎರವಲು ಕೊಟ್ಟ ಪುಸ್ತಕ. ಅವರ ಹೆಸರು ಆ ಸಾಲಿಗೆ ಸೇರಲಿಲ್ಲ. 2011ರಲ್ಲಿ ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಈ ಕೃತಿ ಸೇರಿದೆ. ತರಗತಿಯಲ್ಲಿ ಇದನ್ನು ಉದಾಹರಿಸುವ ಅಧ್ಯಾಪಕರು ತಂಡದ ಹೆಸರಿನೊಡನೆ ಕ್ಯಾಜ್ ಅವರ ಹೆಸರನ್ನೂ ಕರಿಹಲಗೆಯ ಮೇಲೆ ಬರೆಯಬೇಕೆಂದು ನಾವು ಸೂಚಿಸುತ್ತೇವೆ.